ಒಂದು ಗೇಣು ಆಚೆ ಸರಿದ ಗೆರೆ

ಇವತ್ತು ನೀವು ಹಾರ್ಮೋನಿಯಂ ಇಲ್ಲದೆ ಭಜನೆ ಹಾಡಿದಿರಿ. ಶ್ರುತಿ ಅಲ್ಲಲ್ಲಿ ಜಾರಿತು. ಹಾಡು ಮುಗಿಯುವ ಮೊದಲೇ ಯಾರೋ ಹಾರ್ಮೋನಿಯಂ ಮೇಷ್ಟ್ರ ನೆನಪು ತೆಗೆದರು, ಹಿಂದಿನ ಸಾಲಿನಿಂದ ಒಂದು ಮಾತು ಕೇಳಿಸಿತು: "ಬಿಟ್ಟು ಹೋದವರ ಮಾತು ಈಗ್ಯಾಕೆ ಬಿಡಿ." ಯಾರು ಹೇಳಿದರು ಎಂದು ನಾನು ತಿರುಗಿ ನೋಡಲಿಲ್ಲ. ಆದರೆ ಬಿಟ್ಟು ಹೋದವರ ಮಾತನ್ನೇ ಇವತ್ತು ಆಡೋಣ ಅನ್ನಿಸಿತು. ಅದಕ್ಕೆ ಒಂದು ಕಥೆ ಹೇಳುತ್ತೇನೆ.

ಒಂದೂರಲ್ಲಿ ಒಬ್ಬ ಕಬಡ್ಡಿ ಅಭಿಮಾನಿ ಇದ್ದ. ಶ್ರೀಮಂತನಲ್ಲ, ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು, ಅದು ಆ ಹೆಸರಿನವನ ತಪ್ಪು ಎಂದುಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತೀರಿ.

ಆ ಊರಿಗೆ ಒಂದು ಕಬಡ್ಡಿ ತಂಡ. ತಂಡಕ್ಕೆ ಒಬ್ಬ ರೈಡರ್. ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಮುಟ್ಟಿ, ಸಿಕ್ಕದೆ ವಾಪಸು ಬರುವುದರಲ್ಲಿ ಸುತ್ತಲ ತಾಲ್ಲೂಕುಗಳಲ್ಲಿ ಅವನಂಥವನು ಇರಲಿಲ್ಲ. ಅವನು ದಾಳಿಗೆ ಹೊರಟರೆ ಊರಿಗೆ ಊರೇ ಉಸಿರು ಹಿಡಿಯುತ್ತಿತ್ತು. ಅವನು ನಡುಗೆರೆಗೆ ವಾಪಸು ಬಂದಾಗ ಊರು ಉಸಿರು ಬಿಡುತ್ತಿತ್ತು. ಗಿರಣಿಯವನು ಅವನ ಫೋಟೋವನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದ.

ಗಿರಣಿಯವನಿಗೆ ಇನ್ನೊಂದು ಸೇವೆ ಇತ್ತು. ಪ್ರತಿ ಪಂದ್ಯಕ್ಕೂ ಮಣ್ಣಿನ ಅಂಕಣದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವವನು ಅವನೇ. ಹಿಟ್ಟು ಉದುರಿಸಿ ಉದುರಿಸಿ ಪಳಗಿದ ಕೈ, ಗೆರೆ ದಾರ ಎಳೆದ ಹಾಗೆ ಬೀಳುತ್ತಿತ್ತು. ಹೊರಗಿನಿಂದ ಬಂದ ಅಂಪೈರುಗಳು ಟೇಪು ಬಿಚ್ಚುತ್ತಲೇ ಇರಲಿಲ್ಲ. "ಗಿರಣಿಯಣ್ಣ ಎಳೆದವ್ನಾ? ಹಂಗಾದ್ರೆ ಸರಿ ಬುಡಿ" ಎನ್ನುತ್ತಿದ್ದರು. ಇಷ್ಟು ನೆನಪಿಟ್ಟುಕೊಳ್ಳಿ. ಆ ಊರಿನಲ್ಲಿ ಜನ ಅಳೆಯದೆ ನಂಬುತ್ತಿದ್ದದ್ದು ಅವನ ಗೆರೆಯೊಂದನ್ನೇ.

ಹೀಗಿರುವಾಗ ರೈಡರನ ಮಂಡಿ ಕೈಕೊಟ್ಟಿತು. ಪಂದ್ಯ ಮುಗಿದರೆ ಮಂಡಿ ಊದಿಕೊಳ್ಳುವುದು, ಅವನು ಪಟ್ಟಿ ಕಟ್ಟಿಕೊಂಡು ಮತ್ತೆ ಆಡುವುದು. ತಂಡದ ಕಾರ್ಯದರ್ಶಿ ಸದ್ದಿಲ್ಲದೆ ಒಬ್ಬ ಕಾಲೇಜು ಹುಡುಗನನ್ನು ಕರೆತಂದು ಪಳಗಿಸತೊಡಗಿದ. ಅದು ತಪ್ಪೇ? ತಪ್ಪಲ್ಲ. ತಂಡ ನಡೆಯಬೇಕಲ್ಲ! ಆದರೆ ಆ ಮಾತನ್ನು ಯಾರೂ ರೈಡರನ ಮುಖ ನೋಡಿ ಹೇಳಲಿಲ್ಲ. ದಸರಾ ಕಪ್ಪಿನ ಫೈನಲ್ ದಿನ ಮೈಕಿನಲ್ಲಿ ಆಟಗಾರರ ಹೆಸರು ಕೂಗಿದರು. ತನ್ನ ಹೆಸರು ಅದರಲ್ಲಿಲ್ಲ ಎನ್ನುವುದು ಅವನಿಗೆ ಗೊತ್ತಾದದ್ದು ಆ ಮೈಕಿನಿಂದ, ಊರಿನವರೆಲ್ಲರ ಜೊತೆಗೆ.

ಅವನು ಎದ್ದ. ಜರ್ಸಿ ಕಳಚಿದ. ತೋಳು ತೋಳಿಗೆ ಸೇರಿಸಿ ಮಡಿಸಿದ. ಕುರ್ಚಿಯ ಮೇಲಿಟ್ಟು ಹೊರಟುಹೋದ. ಸ್ವಲ್ಪ ಕಾಲದ ಮೇಲೆ ಪಕ್ಕದೂರಿನ ತಂಡ ಸೇರಿದ ಎಂಬ ಸುದ್ದಿ ಬಂತು.

ನೋಡಿ, ಗಿರಣಿಯವನು ಜರ್ಸಿ ಮಡಿಸಿಟ್ಟದ್ದನ್ನು ಕಣ್ಣಾರೆ ಕಂಡಿದ್ದ. ಮರುದಿನ ರಾಗಿ ಬೀಸಿಸಲು ಬಂದವರಿಗೆ ಅವನು ಹೇಳಿದ್ದೇನು? "ಜರ್ಸಿ ಕಳಚಿ ಇಟ್ಟೋದ." ಸಂಜೆಗೆ ಅದು, "ಬಿಸಾಕೋದ." ವಾರ ಕಳೆಯುವಷ್ಟರಲ್ಲಿ, "ಊರಿನ ಮುಖದ ಮೇಲೆ ಎಸೆದೋದ." ಹಾಗೆ ಹೇಳಿದವನು ಬೇರೆ ಯಾರೋ ಅಲ್ಲ, ಮಡಿಸಿದ್ದನ್ನು ಕಂಡವನೇ! ಕೋಪಕ್ಕೆ ಈ ಶಕ್ತಿ ಇದೆ. ಕಣ್ಣು ನೋಡಿದ್ದನ್ನೂ ಅದು ತಿದ್ದಿ ಬರೆಯುತ್ತದೆ.

ಗಿರಣಿಯವನು ಫೋಟೋ ಇಳಿಸಿದ. ಹಿಟ್ಟಿನ ದೂಳು ಕೂತ ಗೋಡೆಯ ಮೇಲೆ ಫೋಟೋ ಇದ್ದಷ್ಟು ಜಾಗ ಮಾತ್ರ ಚೊಕ್ಕಟವಾಗಿ ಉಳಿಯಿತು. ಅದನ್ನು ನೋಡಿದಾಗೆಲ್ಲ ಅವನಿಗೆ ಉರಿಯುತ್ತಿತ್ತು.

ಅವನ ಹೆಂಡತಿ ಕೇಳಿದಳು: "ಅಲ್ಲ, ಅವ್ನೇನು ನಿಮ್ಮ ದಾಯಾದಿಯಾ? ಆಸ್ತಿ ಭಾಗ ಮಾಡ್ಕೊಂಡು ಹೋದ್ನಾ?"

"ದಾಯಾದಿಯಾಗಿದ್ರೆ ಇಷ್ಟು ನೋಯ್ತಿರ್ನಿಲ್ಲ, ಸುಮ್ಕಿರು."

"ಹಂಗಾದ್ರೆ ನೀವೇ ಒಂದ್ಸಲ ಹೋಗಿ ಮಾತಾಡಿ."

"ನಾನ್ಯಾಕೆ ಹೋಗ್ಲಿ? ಬಿಟ್ಟೋದವ್ನು ಅವ್ನು!"

ಈ ಮಾತು ನಿಮ್ಮ ಮನೆಯಲ್ಲೂ ಕೇಳಿಸಿದೆ, ಅಲ್ಲವೇ?

ಮರುವರ್ಷ ದಸರಾ ಕಪ್ಪಿನ ಫೈನಲಿಗೆ ಪಕ್ಕದೂರಿನ ತಂಡ ಈ ಊರಿಗೆ ಆಡಲು ಬಂತು. ಅವರ ಸಾಲಿನಲ್ಲಿ ಹಳೆಯ ರೈಡರ್, ಬೇರೆ ಬಣ್ಣದ ಜರ್ಸಿಯಲ್ಲಿ. ಬೆಳಗ್ಗೆಯೇ ಗಿರಣಿಯವನು ಸುಣ್ಣದ ಡಬ್ಬ ಹಿಡಿದು ಅಂಕಣಕ್ಕೆ ಇಳಿದಿದ್ದ.

ಕಬಡ್ಡಿ ಗೊತ್ತಿಲ್ಲದವರಿಗೆ ಒಂದು ಮಾತು. ದಾಳಿಗೆ ಹೋದವನು ಯಾರನ್ನೂ ಮುಟ್ಟದೆ ಬರುವುದಾದರೆ, ಎದುರಾಳಿಗಳ ಅಂಕಣದ ಒಳಗಿರುವ ಒಂದು ಗೆರೆಯನ್ನು ದಾಟಿಯೇ ಬರಬೇಕು. ಆಟಗಾರರು ಅದನ್ನು ಬಾಕ್ ಲೈನ್ ಎನ್ನುತ್ತಾರೆ. ದಾಟದೆ ಬಂದರೆ ಔಟು. ಆದರೆ ರೈಡರನ ಕಣ್ಣು ಗೆರೆಯ ಮೇಲಿರುವುದಿಲ್ಲ, ಹಿಡಿಯಲು ಬರುವ ಕೈಗಳ ಮೇಲಿರುತ್ತದೆ. ಗೆರೆ ಎಲ್ಲಿದೆ ಎನ್ನುವುದನ್ನು ಕಾಲು ನೆನಪಿಟ್ಟುಕೊಂಡಿರುತ್ತದೆ. ಆ ಅಂಕಣದಲ್ಲೇ ಬೆಳೆದ ಹಳೆಯ ರೈಡರನ ಕಾಲಿಗಂತೂ ಅಲ್ಲಿನ ಗೆರೆ ಉಸಿರಿನಷ್ಟೇ ಸಲೀಸು.

ಊರಿನ ತಂಡ ಮೊದಲು ಹುಣಸೆಮರದ ಬದಿಗೆ ನಿಲ್ಲುವುದು ಅಲ್ಲಿನ ವಾಡಿಕೆ. ಅಂದರೆ ಎದುರಾಳಿ ನುಗ್ಗಬೇಕಾದದ್ದು ಆ ಬದಿಗೆ. ಗಿರಣಿಯವನು ಆ ಬದಿಯ ಬಾಕ್ ಲೈನನ್ನು ಒಂದು ಗೇಣು ಹಿಂದಕ್ಕೆ, ಇನ್ನೂ ಆಳಕ್ಕೆ ಎಳೆದ. ಬರೀ ಒಂದು ಗೇಣು.

ಅಂಪೈರು ಬಂದ, ನೋಡಿದ. "ಗಿರಣಿಯಣ್ಣ ಎಳೆದವ್ನಾ? ಸರಿ ಬುಡಿ."

ಆಟ ಶುರುವಾಯಿತು. ಹಳೆಯ ರೈಡರ್ ಕಬಡ್ಡಿ ಕಬಡ್ಡಿ ಎನ್ನುತ್ತ ಹುಣಸೆಮರದ ಬದಿಗೆ ನುಗ್ಗಿದ. ಕಾಲು ನೆನಪಿದ್ದಲ್ಲಿಗೆ ಹೋಯಿತು, ತಿರುಗಿತು, ವಾಪಸು ಬಂತು. ಅಂಪೈರ್ ಸೀಟಿ ಊದಿದ. ಗೆರೆ ದಾಟಿಲ್ಲ, ಔಟು. ಜನ ಹುಚ್ಚೆದ್ದು ಕೂಗಿದರು. "ಮಂಡಿ ಹೋಯ್ತು ಕಣ್ರಲಾ! ಗೆರೆ ದಾಟಕ್ಕೂ ಆಗ್ತಿಲ್ಲ!"

ಮತ್ತೊಮ್ಮೆ ಒಳಗೆ ಬಂದಾಗಲೂ ಅದೇ ಕಥೆ. ಈ ಸಲ ಹೊರಗೆ ಕೂತ ರೈಡರ್ ಯಾರನ್ನೂ ನೋಡಲಿಲ್ಲ, ಆ ಗೆರೆಯನ್ನೇ ನೋಡುತ್ತ ಕೂತ. ಆಮೇಲೆ ನಿಧಾನವಾಗಿ ತಲೆಯೆತ್ತಿ ಗಿರಣಿಯವನ ಕಡೆ ನೋಡಿದ. ಗಿರಣಿಯವನು ಡಬ್ಬದ ಮುಚ್ಚಳ ಸರಿಮಾಡತೊಡಗಿದ.

ಮೂರನೆಯ ಸಲ ರೈಡರ್ ಗೆರೆ ದಾಟಿದ. ದಾಟಲು ಮೈಯನ್ನೆಲ್ಲ ಚಾಚಿ ಕಾಲಿಟ್ಟ. ಆ ಹೆಚ್ಚಿನ ಒಂದು ಗೇಣಿಗೆ ಮಂಡಿ ಒಪ್ಪಲಿಲ್ಲ. ವಾಪಸು ಬಂದ, ಆದರೆ ಕುಂಟುತ್ತ ಬಂದ. ಜನ ನಕ್ಕರು. ಗಿರಣಿಯವನಿಗೆ ನಗು ಬರಲಿಲ್ಲ. ಯಾಕೋ ಏನೋ.

ವಿರಾಮ ಮುಗಿಯಿತು. ಈಗ ಏನಾಗುತ್ತದೆ, ಆಡಿದವರು ಹೇಳಿ? ತಂಡಗಳು ಬದಿ ಬದಲಿಸುತ್ತವೆ! ಹುಟ್ಟಿದಾಗಿನಿಂದ ಕಬಡ್ಡಿ ನೋಡಿದ ಗಿರಣಿಯವನು ಕೋಪದಲ್ಲಿ ಇಷ್ಟನ್ನು ಮರೆತಿದ್ದ. ಈಗ ಹುಣಸೆಮರದ ಬದಿಗೆ ನಿಂತವರು ಪಕ್ಕದೂರಿನವರು. ಆ ಸುಳ್ಳು ಗೆರೆಗೆ ನುಗ್ಗಬೇಕಾದವರು ಅವನ ಊರಿನ ಹುಡುಗರು. ತಾಯಂದಿರೇ, ಅಣ್ಣಂದಿರೇ, ನಾವು ಇನ್ನೊಬ್ಬನಿಗೆಂದು ಎಳೆದ ಗೆರೆ ನೆಲದಲ್ಲೇ ಇರುತ್ತದೆ. ಬದಿ ಬದಲಿಸುವವರು ನಾವು.

ಕೊನೆಯ ಗಳಿಗೆ. ಎರಡೂ ಕಡೆ ಅಂಕ ಸಮ. ಊರಿನ ಪರವಾಗಿ ಆ ಕಾಲೇಜು ಹುಡುಗ ದಾಳಿಗೆ ಹೊರಟ. ಹೋದ, ಕಾಲಾಡಿಸಿದ, ಯಾರೂ ಸಿಗಲಿಲ್ಲ. ಗೆರೆ ದಾಟಿಯಾಯಿತು ಎಂದುಕೊಂಡು ಹಿಂದಕ್ಕೆ ತಿರುಗಿದ. ದಾಟಿರಲಿಲ್ಲ. ಹಾಗೇ ಬಂದರೆ ಔಟು, ಊರಿಗೆ ಸೋಲು. ಅಂಕಣದ ಅಂಚಿನಲ್ಲಿದ್ದ ಗಿರಣಿಯವನು ಎದ್ದು ನಿಂತ. ಕೂಗಿ ಹೇಳಲೇ? ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುವುದಿಲ್ಲವೇ?

ಅಷ್ಟರಲ್ಲಿ ಎದುರಾಳಿಗಳ ಮೂಲೆಯಲ್ಲಿ ನಿಂತಿದ್ದ ಹಳೆಯ ರೈಡರ್ ಹೇಳಿದ. ಗಟ್ಟಿಯಾಗಿ ಅಲ್ಲ, ಆದರೆ ಗಿರಣಿಯವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಇನ್ನೂ ದಾಟಿಲ್ಲ ಕಣೋ. ಗೆರೆ ಒಂದ್ ಗೇಣು ಒಳಗೈತೆ, ನೋಡ್ಕಂಡು ಕಾಲಿಡು."

ಹೇಳಿದ್ದು ಯಾರಿಗೆ? ತನ್ನ ಜಾಗಕ್ಕೆ ಬಂದ ಹುಡುಗನಿಗೆ! ಹುಡುಗ ಕಾಲು ಮುಂದಿಟ್ಟ, ಗೆರೆ ದಾಟಿದ, ಹಿಡಿಯಲು ಬಂದವನ ಭುಜ ಮುಟ್ಟಿ ವಾಪಸು ಹಾರಿದ.

ಯಾರು ಗೆದ್ದರು ಎಂದು ಕೇಳುತ್ತೀರಿ. ಊರೇ ಗೆದ್ದಿತು. ಪಟಾಕಿ ಹೊಡೆದರು. ಗಿರಣಿಯವನೊಬ್ಬ ಮಾತ್ರ ಅತ್ತ ಹೋಗಲಿಲ್ಲ.

ಪಕ್ಕದೂರಿನ ಆಟಗಾರರು ಹಳೆಯ ರೈಡರನ ಮೇಲೆ ಹರಿಹಾಯ್ದರು. "ನೀನ್ ಯಾವ ಕಡೆಯವ್ನಯ್ಯಾ? ನಮ್ಮ ಕೂಳು ತಿಂದು ಅವ್ರಿಗೆ ಹೇಳಿಕೊಡ್ತೀಯಲ್ಲ!"

"ಹಂಗ್ ಗೆದ್ದು ಏನ್ ಮಾಡನ, ಬುಡ್ರಪ್ಪ" ಎಂದು ಅವನು ನಲ್ಲಿಯ ಹತ್ತಿರ ಹೋಗಿ ಕೂತು ಮಂಡಿಗೆ ನೀರು ಸುರಿದುಕೊಳ್ಳತೊಡಗಿದ.

ಗಿರಣಿಯವನು ಹೋಗಿ ಎದುರಿಗೆ ನಿಂತ. ರೈಡರನೇ ಅಂದ: "ಏನಣ್ಣ, ಡಬ್ಬ ಇನ್ನೂ ಕೆಳಗಿಟ್ಟಿಲ್ವಾ?"

"ಗೆರೆ... ಕೈ ತಪ್ತು ಕಣಪ್ಪ."

"ನಿನ್ ಕೈ ತಪ್ಪಲ್ಲ ಗಿರಣಿಯಣ್ಣ. ನಂಗೊತ್ತಿಲ್ವಾ?"

ಗಿರಣಿಯವನು ತಲೆ ತಗ್ಗಿಸಿದ. "ಗೊತ್ತಿದ್ದೂ ಅಂಪೈರ್‌ಗೆ ಯಾಕ್ ಹೇಳ್ನಿಲ್ಲ?"

"ಹೇಳಿದ್ರೆ ನಾಳೆಯಿಂದ ನಿನ್ ಗೆರೆ ಯಾರ್ ನಂಬ್ತಾರೆ?"

ಆಗ ಗಿರಣಿಯವನ ಒಳಗೆ ವರ್ಷದಿಂದ ಕೂತಿದ್ದ ಪ್ರಶ್ನೆ ಹೊರಗೆ ಬಂತು. "ಯಾಕಪ್ಪ ಬುಟ್ಟೋದೆ? ನಮ್ಮನ್ನ ಯಾಕೆ ಬುಟ್ಟೋದೆ?"

ರೈಡರ್ ನಲ್ಲಿ ನಿಲ್ಲಿಸಿದ. "ಜರ್ಸಿ ಮಡಿಸಿಟ್ಟು ಮನೇಲಿ ಕೂತಿದ್ದೆ ಕಣಣ್ಣ. ಯಾರಾದ್ರೂ ಬತ್ತಾರೆ ಅಂತ ಕಾದೆ. ಬಂದ್ರು, ಬರ್ನಿಲ್ಲ ಅನ್ನಲ್ಲ. ಬಂದವ್ರೆಲ್ಲ ಒಂದೇ ಕೇಳಿದ್ರು, ಯಾಕ್ ಹಂಗ್ ಮಾಡ್ದೆ, ಯಾಕ್ ಹಂಗ್ ಮಾಡ್ದೆ ಅಂತ. ಮಂಡಿ ಹೆಂಗೈತೆ ಅಂತ ಒಬ್ರೂ ಕೇಳ್ನಿಲ್ಲ." ಆಮೇಲೆ ಸೇರಿಸಿದ: "ನಂದೂ ತಪ್ಪೈತೆ. ನಾನೂ ಬಾಯಿ ಬುಟ್ಟು ಹೇಳ್ಬೇಕಿತ್ತು."

ಗಿರಣಿಯವನು ಡಬ್ಬ ಕೆಳಗಿಟ್ಟ, ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತ. "ಈಗ ಹೆಂಗೈತೆ?" ಎಂದ.

"ನೋಯ್ತದೆ" ಎಂದ ರೈಡರ್. ಅಷ್ಟು ಹೇಳಿ, ಅಷ್ಟು ದೊಡ್ಡ ಆಳು, ಮುಖ ಆಚೆ ತಿರುಗಿಸಿದ.

ಗಿರಣಿಯವನು ಅಲ್ಲಿಂದ ಎದ್ದು ಹೋಗಿ, ಕಪ್ಪು ಹಿಡಿದು ಕುಣಿಯುತ್ತಿದ್ದ ಜನರ ಎದುರಲ್ಲೇ ಆ ಗೆರೆಯನ್ನು ಕಾಲಿನಿಂದ ಒರೆಸಿದ. ಕಾರ್ಯದರ್ಶಿಗೂ ಅಂಪೈರಿಗೂ ಮಾಡಿದ್ದನ್ನು ಹೇಳಿದ. ಎಲ್ಲರೂ ಬೆನ್ನು ತಟ್ಟಿದರು ಎಂದುಕೊಂಡಿರೇನು? ಇಲ್ಲ. ಬೈದರು, ಕಪ್ಪು ವಾಪಸು ಹೋಯಿತು. ಮುಂದಿನ ಪಂದ್ಯದಿಂದ ಅಂಪೈರುಗಳು ಟೇಪು ಬಿಚ್ಚಿ ಅಳೆಯತೊಡಗಿದರು. ಟೇಪಿನ ಇನ್ನೊಂದು ತುದಿಯನ್ನು ಗಿರಣಿಯವನೇ ಹಿಡಿಯುತ್ತಿದ್ದ. ಫೋಟೋ ಮಾತ್ರ ಗೋಡೆಯ ಮೇಲಿನ ತನ್ನ ಜಾಗಕ್ಕೆ ಮರಳಿತು. ಹೆಂಡತಿ ಅದರ ದೂಳು ಒರೆಸಿ ಕೊಟ್ಟಳು.

ಕಥೆ ಮುಗಿಯಿತು. ಈಗ ನಮ್ಮ ವಿಚಾರ.

ನೀವು ಗಿರಣಿಗೆ ಡಬ್ಬ ಒಯ್ಯುತ್ತೀರಿ. ತಕ್ಕಡಿಗೆ ಇಟ್ಟವನು ಮೊದಲು ಏನು ಮಾಡುತ್ತಾನೆ? ಖಾಲಿ ಡಬ್ಬದ ತೂಕ ಕಳೆಯುತ್ತಾನೆ. ಕಳೆಯದಿದ್ದರೆ ಜಗಳಕ್ಕೆ ನಿಲ್ಲುತ್ತೀರಿ, ಬಿಡುತ್ತೀರಾ? ಹಿಟ್ಟಿನಲ್ಲಿ ಇಷ್ಟು ಕಟ್ಟುನಿಟ್ಟು. ಬಿಟ್ಟು ಹೋದ ಮನುಷ್ಯನನ್ನು ತೂಗುವಾಗ ನಮ್ಮ ನೋವಿನ ಡಬ್ಬವನ್ನು ಕಳೆದಿದ್ದೇವೆಯೇ? ಅದನ್ನೂ ಸೇರಿಸಿ ತೂಗಿ, ಅವನ ತಪ್ಪು ಇಷ್ಟು ಭಾರ ಎನ್ನುತ್ತೇವೆ. ಬೇರೆ ಮನೆ ಮಾಡಿದ ಸೊಸೆ, ಇನ್ನೊಂದು ಅಂಗಡಿಗೆ ಹೋದ ಕೆಲಸದವನು, ಮಾತು ನಿಲ್ಲಿಸಿದ ಗೆಳತಿ, ಎಲ್ಲರನ್ನೂ ಹೀಗೇ ತೂಗಿದ್ದೇವೆ. ಆಮೇಲೆ ಯಾರಿಗೂ ಕಾಣದ ಹಾಗೆ ಗೆರೆಯನ್ನು ಒಂದು ಗೇಣು ಸರಿಸುತ್ತೇವೆ. ಮದುವೆಗೆ ಕರೆಯುತ್ತೇವೆ, ಕೊನೆಯಲ್ಲಿ ಕರೆಯುತ್ತೇವೆ. ಎದುರಿಗೆ ಬಂದರೆ ನಗುತ್ತೇವೆ, ನಿಲ್ಲುವುದಿಲ್ಲ. ಅವರು ಎಡವಿದರೆ, ನೋಡಿದಿರಾ ಎನ್ನುತ್ತೇವೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಕಂಡದ್ದನ್ನು ಕಂಡಷ್ಟೇ ಹೇಳಿ. ಮಡಿಸಿಟ್ಟಿದ್ದರೆ ಮಡಿಸಿಟ್ಟರು ಎನ್ನಿ. ಎಸೆದರು ಎನ್ನಬೇಡಿ. ಇದಕ್ಕೆ ದೊಡ್ಡ ತಪಸ್ಸು ಬೇಕಿಲ್ಲ, ನಾಲಿಗೆಯ ಮೇಲೆ ಸ್ವಲ್ಪ ಹಿಡಿತ ಸಾಕು. ಆಮೇಲೆ, ಯಾಕೆ ಹೋದಿರಿ ಎಂಬ ಪ್ರಶ್ನೆಯನ್ನು ಸ್ವಲ್ಪ ದಿನ ಕೆಳಗಿಡಿ. ಅದು ನಮ್ಮ ನೋವಿನ ಪ್ರಶ್ನೆ, ಅವರ ನೋವಿನದಲ್ಲ.

ಹಾರ್ಮೋನಿಯಂ ಮೇಷ್ಟ್ರು ಈ ಭಜನೆ ಬಿಟ್ಟು ಯಾಕೆ ಹೋದರು ಎಂಬುದಕ್ಕೆ ನಿಮ್ಮಲ್ಲಿ ಒಬ್ಬೊಬ್ಬರ ಬಳಿ ಒಂದೊಂದು ಕಾರಣ ಇದೆ. ನನಗೆ ಕಾರಣ ಗೊತ್ತಿಲ್ಲ. ನಿಜ ಹೇಳಿ, ನಿಮಗೆ ಗೊತ್ತಿದೆಯೇ? ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಅಲ್ಲಿಂದಲೇ ದಾರಿ ಶುರು. ಪ್ರಸಾದ ತೆಗೆದುಕೊಂಡು ಮನೆಗೆ ಹೋಗುವ ದಾರಿಯಲ್ಲೇ ಅವರ ಮನೆ ಇದೆ. ಇವತ್ತು ದಾಟಿ ಹೋಗಬೇಡಿ. ಬಾಗಿಲು ತಟ್ಟಿ. ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಬೇಡಿ. ಹೇಗಿದ್ದೀರಿ ಮೇಷ್ಟ್ರೇ ಎಂದು ಕೇಳಿ.

ಕೇಳಿದ ಮೇಲೆ, ಉತ್ತರ ಬರುವವರೆಗೆ ಅಲ್ಲೇ ನಿಂತಿರಿ.