ವಿಧಾನಸೌಧಕ್ಕೆ ನಾನು ಕೊಟ್ಟ ಉತ್ತರ

ಆಫ್ ಮಾಡು ಮಗ ಅದ್ನ, ಆ ಮೊಬೈಲ್ನ. ಮಂತ್ರಿ ಉತ್ತರ ಕೊಡ್ತಾವ್ರೆ ತಾತ ಅಂತೀಯಲ್ಲ, ಯಾವ ಮಂತ್ರಿ, ಯಾವ ಉತ್ತರ, ನಂಗೆ ಆ ಸದ್ದು ಕೇಳಿದ್ರೇ ಅಸಹ್ಯ ಆಯ್ತದೆ. ಇಲ್ಲ ಕಣವ್ವ, ನಿನ್ನ ಬಯ್ತಿಲ್ಲ, ನಿಮ್ಮ ಮೇಷ್ಟ್ರು ನೋಡ್ಕಂಡು ಬಂದು ಬರೀರಿ ಅಂದವ್ರೆ, ನೀ ನೋಡ್ತಿದ್ದೀಯ, ನಿಂದೇನು ತಪ್ಪು. ಎಮ್ಮೆಲ್ಲೆ ಎದ್ದು ನಿಂತ್ಕಂಡು ಪ್ರಶ್ನೆ ಕೇಳ್ತಾರೆ, ಮಂತ್ರಿ ಎದ್ದು ನಿಂತ್ಕಂಡು ಉತ್ತರ ಏಳ್ತಾರೆ, ಅಂತ ತಾನೆ ನಿಮ್ಮ ಪುಸ್ತಕದಲ್ಲಿ ಇರೋದು. ಆ ಮಂತ್ರಿ ಬಾಯ್ಗೆ ಆ ಉತ್ತರ ಎಲ್ಲಿಂದ ಬತ್ತದೆ ಅಂತ ಬರ್ದವ್ರಾ. ಬರ್ದಿರಾಕಿಲ್ಲ. ನಿನ್ ತಂಗೀನೂ ಕರಿ, ಇಬ್ರೂ ಇಲ್ಲೇ ಜಗ್ಲಿ ಮೇಲೆ ಕೂತ್ಕಳಿ, ನಾ ಏಳ್ತೀನಿ. ನಿಮ್ಮಪ್ಪಂಗೂ ಏಳಿಲ್ಲ ಇದ್ನ. ನಿಮ್ಮಜ್ಜಿಗೂ ಏಳಿರ್ನಿಲ್ಲ, ಪಾಪ, ಅವ್ಳು ಇದು ಗೊತ್ತಿಲ್ದೇನೇ ಸತ್ತೋದ್ಲು.

ಆಗ ನಾನು ದಿನಗೂಲಿ ಅಟೆಂಡರ್ರು, ಗೊತ್ತಾ. ಆಸ್ಪತ್ರೆಗಳ್ನ ನೋಡ್ಕಳೋ ಒಂದು ಆಫೀಸ್ನಲ್ಲಿ. ಯಾವ ಆಫೀಸು ಅಂತ ಏಳಾಕಿಲ್ಲ, ಈಗ ಅಲ್ಲಿರೋರು ಒಳ್ಳೆ ಜನನೂ ಇರ್ಬೋದು. ಕೊಳ್ಳೇಗಾಲದಲ್ಲಿ ಮನೆ ಮಾಡಿದ್ದೆ, ಆಫೀಸು ಜಿಲ್ಲಾ ಪ್ಯಾಟೇಲಿ, ದಿನಾ ಬಸ್ಸಲ್ಲಿ ಓಗಿ ಬರಾದು. ಕಬ್ಬು ಕಡಿಯೋ ಕಾಲದಲ್ಲಂತೂ ಕುಂತೂರು ತಾವ ಆ ಕಬ್ಬಿನ ಟ್ರ್ಯಾಕ್ಟರ್ಗಳ ಇಂದೆ ಬಸ್ಸು ಸಿಕ್ಕಾಕ್ಕೊಂಡ್ರೆ ಮುಗೀತು, ತಡ ಆಯ್ತು, ಸಾಹೇಬ್ರ ಕೈಲಿ ಉಗಿಸ್ಕಳಾದು. ಸಾಹೇಬ್ರು ಅಂದ್ರೆ ನಮ್ಮ ಆಫೀಸ್ಗೆ ದೊಡ್ಡೋರು. ಅವ್ರ ಟೇಬಲ್ ಮೇಲೆ ಒಂದು ಲಿಸ್ಟ್ ಇತ್ತು, ದಿನಗೂಲಿ ಜನಾನ ಖಾಯಂ ಮಾಡೋ ಲಿಸ್ಟು. ಏಳು ವರ್ಷದಿಂದ ಆ ಟೇಬಲ್ ಒರ್ಸ್ತಿದ್ದೆ ನಾನು, ಆ ಲಿಸ್ಟ್ ಎತ್ತಿ ಧೂಳು ಒಡ್ದು ಮತ್ತೆ ಅಲ್ಲೇ ಇಡ್ತಿದ್ದೆ. ಅದ್ರಲ್ಲಿ ನನ್ನೆಸ್ರು ಮೂರನೇದು.

ನಮ್ಮೂರು ಗೊತ್ತಲ್ಲ, ಮಾರ್ಟಳ್ಳಿ ದಾಟಿ ಆಚ್ಗೆ, ತಮಿಳ್ನಾಡು ಗಡೀಗೆ ಒತ್ಕಂಡಿರೋದು. ಆಗಿನ್ನೂ ಹನೂರು ತಾಲೂಕು ಆಗಿರ್ನಿಲ್ಲ, ಎಲ್ಲಾ ಕೊಳ್ಳೇಗಾಲವೇ. ಊರಲ್ಲಿ ಆಸ್ಪತ್ರೆ ಇತ್ತು. ಬಿಲ್ಡಿಂಗು ಸಂದಾಗೇ ಇತ್ತು, ಸುಣ್ಣ ಬಳ್ದಿದ್ರು, ಡಾಕ್ಟ್ರ ಎಸ್ರು ಬೋರ್ಡಲ್ಲಿ ಬರ್ದಿದ್ರು. ಡಾಕ್ಟ್ರು ಇಲ್ಲ. ಅವ್ರು ದೊಡ್ಡ ಊರಲ್ಲಿ ಡೆಪ್ಟೇಶನ್ ಮೇಲೆ ಕೆಲ್ಸ ಮಾಡ್ಕಂಡು ಅಲ್ಲೇ ಇದ್ರು, ಸಂಬಳ ಮಾತ್ರ ನಮ್ಮೂರ ಲೆಕ್ಕದಲ್ಲಿ. ಒಂದೇ ಒಂದು ಸಲ, ಆಗಸ್ಟ್ ಹದಿನೈದಕ್ಕೆ, ಬಂದು ಬಾವುಟ ಆರಿಸಿ, ಐಕಳ್ಗೆ ಮಿಠಾಯಿ ಕೊಟ್ಟು ಓಗಿದ್ರು. ಆ ವರ್ಷ ನಮ್ಮ ಬಾವುಂಗೆ, ಅಂದ್ರೆ ಕೆಂಪಕ್ಕನ ಗಂಡ, ನೀವು ದೊಡ್ಡಜ್ಜಿ ಅಂತಿದ್ರಲ್ಲ ಆ ಕೆಂಪಕ್ಕ, ರಾಗಿ ಕುಯ್ಯೋವಾಗ ಆವು ಕಚ್ತು. ಬೆಳಿಗ್ಗೆ ಅತ್ತು ಗಂಟೆ. ಎತ್ಕಂಡು ಆಸ್ಪತ್ರೆಗೆ ಓದ್ರು, ಬೀಗ. ಜೋಳ ತುಂಬಿದ್ದ ಟೆಂಪೋ ಒಂದು ಬಂತು, ಮೂಟೆ ಮೇಲೆ ಮನಗಿಸ್ಕಂಡು ಓದ್ರು. ಹನೂರು ಮುಟ್ಟನಿಲ್ಲ. ದಾರೀಲೇ ಓಗ್ಬುಟ್ಟ. ಅಕ್ಕ ಆ ಮೂಟೆ ಮೇಲೆ ಅವ್ನ ತಲೆ ತೊಡೆ ಮೇಲಿಟ್ಕಂಡು ಕೂತಿದ್ಲಂತೆ, ಅಳ್ನಿಲ್ಲವಂತೆ.

ಕಾರ್ಯ ಎಲ್ಲಾ ಮುಗೀತು, ಮುಗಿದ ಮಾರ್ನೇ ದಿನ ಎಂಗುಸ್ರ ಕಟ್ಕಂಡು ಓಗಿ ಎಮ್ಮೆಲ್ಲೆ ಮನೆ ಮುಂದೆ ಕೂತ್ಲು ಅಕ್ಕ. ಬೆಳಿಗ್ಗೆಯಿಂದ ಸಾಯಂಕಾಲದ ಗಂಟ. ಆಮೇಲೆ ಎಮ್ಮೆಲ್ಲೆ ಒರ್ಗೆ ಬಂದು, ಏನಮ್ಮ, ಪರಿಹಾರದ ಅರ್ಜಿನಾ, ಕೊಡು ಅಂದ್ರಂತೆ. ಅಕ್ಕ ಏಳಿದ್ಲಂತೆ, "ಪರಿಹಾರ ಬ್ಯಾಡ ಸ್ವಾಮಿ. ನೀವು ವಿಧಾನಸೌಧದಲ್ಲಿ ಕೇಳ್ತೀರಂತಲ್ಲ. ನಂದೊಂದು ಮಾತು ಕೇಳಿ. ನಮ್ಮೂರಾಸ್ಪತ್ರೇಲಿ ಡಾಕ್ಟ್ರು ಅವ್ರಾ ಇಲ್ವಾ ಅಂತ. ಆಟೇಯ. ಅವ್ರೆ ಅನ್ಲಿ, ಇಲ್ಲ ಅನ್ಲಿ, ಎಲ್ಲಾರ್ ಮುಂದೆ ಅವ್ರ ಬಾಯಲ್ಲೇ ಬರ್ಲಿ." ಎಮ್ಮೆಲ್ಲೆ ಆಯ್ತು ಕಣಮ್ಮ ಅಂದ್ರು. ನಿಜ ಏಳ್ಬೇಕು ಅಂದ್ರೆ ಪ್ರಶ್ನೆ ಆಕಿದ್ರು ಅವ್ರು, ಅದ್ಕೆ ಇಲ್ಲ ಅನ್ನಾಕಾಗಲ್ಲ. ಅಕ್ಕ ಕೊಳ್ಳೇಗಾಲಕ್ಕೆ ಬಂದು ನಂಗೂ ಏಳಿದ್ಲು, "ಮಾದ, ನೀ ಆ ಆಫೀಸಲ್ಲೇ ಇದ್ದೀಯಲ್ಲ. ಕಾಗ್ದದಲ್ಲಿ ಏನಾರ ಎಚ್ಚುಕಮ್ಮಿ ಮಾಡಾರು, ಒಸಿ ನೋಡ್ಕಳ್ಲಾ" ಅಂತ. ನೋಡ್ಕತೀನಿ ಬುಡಕ್ಕ ಅಂದೆ ನಾನು. ಧೈರ್ಯವಾಗೇ ಅಂದೆ.

ಆಮೇಲೆ ಒಂದಿನ ಫ್ಯಾಕ್ಸ್ ಬಂತು ಆಫೀಸ್ಗೆ, ಶುಕ್ರವಾರ, ಅಲ್ಲ, ಗುರುವಾರ ಇರ್ಬೇಕು. ಎಲ್ಎಕ್ಯೂ ಅಂತಾರೆ ಅದ್ಕೆ, ವಿಧಾನಸಭೆ ಪ್ರಶ್ನೆ. ಅದು ಬಂತು ಅಂದ್ರೆ ಆಫೀಸ್ನಲ್ಲಿ ಯಾವ ಕೆಲ್ಸನೂ ಇಲ್ಲ. ಒರ್ಗೆ ರೋಗಿ ನಿಂತಿದ್ರೂ ಎಲ್ಎಕ್ಯೂ ಅದೆ ಕಣಯ್ಯ ನಾಳೆ ಬಾ. ಪ್ರಶ್ನೆ ಓಗೋ ದಾರಿ ಕೇಳಿ ಮಗ, ಎಮ್ಮೆಲ್ಲೆ ಕೇಳ್ತಾರೆ ಮಂತ್ರೀನ, ಮಂತ್ರಿ ಕೇಳ್ತಾರೆ ಸೆಕ್ರೆಟರಿನ, ಅವ್ರು ಇನ್ನೊಬ್ರನ್ನ, ಅವ್ರು ನಮ್ಮ ಸಾಹೇಬ್ರನ್ನ, ಸಾಹೇಬ್ರು ಕೇಳ್ತಾರೆ ಗುಮಾಸ್ತ್ರನ್ನ. ನಮ್ಮ ಗುಮಾಸ್ತ್ರು ಹೊನ್ನೂರೋರು, ಮನ್ಸ ಕೆಟ್ಟೋರಲ್ಲ, ವಾರಕ್ಕೊಂದ್ಸಲ ತ್ವಾಟದಿಂದ ಎಳ್ನೀರು ತಂದು ನಂಗೂ ಒಂದು ಕೊಡೋರು. ಕಾಗ್ದಕ್ಕೆ ನಡುವೆ ಒಂದು ಗೆರೆ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅವ್ರು ಬರ್ದಿದ್ನ ನಾ ನೋಡ್ದೆ. ಎಡಗಡೆ ಏನದೆ, ವೈದ್ಯರಿಲ್ಲದೆ ಸಾರ್ವಜನಿಕರಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. ಬಲಗಡೆ, ವೈದ್ಯರ ಹುದ್ದೆ ಭರ್ತಿಯಾಗಿರುತ್ತದೆ. ಎಡಗಡೆ, ಬಂದಿದ್ದಲ್ಲಿ ಯಾವಾಗ ವೈದ್ಯರನ್ನು ನೇಮಿಸಲಾಗುವುದು. ಬಲಗಡೆ, ಉದ್ಭವಿಸುವುದಿಲ್ಲ. ನಾ ಅಂದೆ, "ಸಾ, ಆ ಡಾಕ್ಟ್ರು ಅಲ್ಲಿಲ್ವಲ್ಲ ಸಾ." ಅವ್ರು ಪೆನ್ ಕ್ಯಾಪ್ ಆಕ್ಕಂಡು, "ಪೋಸ್ಟ್ ಭರ್ತಿ ಆಗದಾ ಇಲ್ವಾ. ಆಗದೆ. ಮತ್ತೆ ನಾ ಸುಳ್ಳು ಬರ್ದಿದ್ದೀನಾ. ಇಲ್ಲ. ಓಗ್ಲಾ ಜೆರಾಕ್ಸ್ ಮಾಡ್ಸು, ನೂರು ಕಾಪಿ ಬೇಕು" ಅಂದ್ರು. ನೋಡ್ದಾ, ಒಂದಕ್ಷರ ಸುಳ್ಳಿಲ್ಲ ಅದ್ರಲ್ಲಿ. ನಮ್ಮ ಬಾವ ಸತ್ತ, ಅದು ಉದ್ಭವಿಸುವುದಿಲ್ಲ. ಥೂ. ನಾನು ಜೆರಾಕ್ಸ್ ಮಾಡ್ಸಿದೆ, ಮೂಲೆ ಜೋಡ್ಸಿ ಪಿನ್ ಒಡ್ದೆ.

ಸಾಹೇಬ್ರು ನನ್ನೂ ಜೀಪಲ್ಲಿ ಕೂರಿಸ್ಕಂಡ್ರು, ಫೈಲ್ಗಳ ಗಂಟು ಒರಾಕೆ ಒಬ್ಬ ಬೇಕಲ್ಲ. ಬೆಂಗ್ಳೂರ್ಗೆ ಓದೋ. ವಿಧಾನಸೌಧ ಒಳ್ಗೆ ಕಾಲಿಟ್ಟಿದ್ದು ಅದೇ ಮೊದ್ಲು, ಅದೇ ಕೊನೆ. ಕಂಬಗಳು ನೋಡ್ದೆ ನಾನು, ಅಬ್ಬಬ್ಬ, ಇಂಥಾ ಜಾಗದಲ್ಲಿ ನಮ್ಮಕ್ಕನ ಮಾತು ಕೇಳ್ತದಲ್ಲ ಅಂತ ಮೈ ಜುಮ್ ಅಂತು, ನಿಜವಾಗ್ಲೂ. ಸಾಹೇಬ್ರು ಮತ್ತೆ ಅವ್ರಿಗಿಂತ ದೊಡ್ಡೋರು ಇಬ್ರು ಒಳಗಡೆ ಆಫೀಸರ್ಗಳು ಕೂರೋ ಜಾಗದಲ್ಲಿ ಕೂತ್ರು. ನಾನು ಆಚೆ ವರಾಂಡದಲ್ಲಿ ಗಂಟಿಡ್ಕಂಡು ನಿಂತಿದ್ದೆ. ಅಲ್ಲೊಂದು ಸ್ಪೀಕರ್ ಇತ್ತು, ಒಳ್ಗೆ ಮಾತಾಡೋದೆಲ್ಲ ಕೇಳ್ತಿತ್ತು. ಯಾರೋ ಯಾವ್ದೋ ಕೆರೆ ಊಳಿನ ಬಗ್ಗೆ ಕೇಳಿದ್ರು, ಆಮೇಲೆ ಯಾರೋ ನಗಾಡಿದ್ರು, ಯಾರೋ ಕೂತ್ಕೊಳ್ರಿ ಕೂತ್ಕೊಳ್ರಿ ಅಂತ ಕೂಗಾಡಿದ್ರು. ಆಮೇಲೆ ನಮ್ಮೂರ ಎಸ್ರು ಬಂತು. ಮಂತ್ರಿ ಏಳಿದ್ರು, ಉತ್ತರವನ್ನು ಒದಗಿಸಿದ್ದೇನೆ ಅಂತ. ಎಮ್ಮೆಲ್ಲೆ ಎದ್ರು. "ಸಭಾಧ್ಯಕ್ಷರೇ, ಹುದ್ದೆ ಭರ್ತಿಯಾಗಿದೆ ಅಂತ ಮಂತ್ರಿಗಳು ಹೇಳಿದ್ದಾರೆ. ನಾನು ಕೇಳ್ತಾ ಇರೋದು ಅದಲ್ಲ. ಡಾಕ್ಟರು ಆ ಊರಲ್ಲಿ ಇದ್ದಾರಾ, ಇಲ್ವಾ. ಇವತ್ತು. ಇಷ್ಟು ಹೇಳಲಿ ಸಾಕು." ಅಕ್ಕನ ಮಾತೇ ಕಣವ್ವ, ಅಂಗೇ ಕೇಳ್ಬುಟ್ರು. ನಂಗೆ ಅಲ್ಲೇ ಕುಣೀಬೇಕು ಅನ್ನಿಸ್ತು. ಆಮೇಲೆ ಮಂತ್ರಿ, "ಮಾಹಿತಿ ತರಿಸಿ ಹೇಳ್ತೀನಿ, ಒಂದು ನಿಮಿಷ" ಅಂದ್ರು.

ಆ ಒಂದು ನಿಮಿಷ ಏನಾಯ್ತು ಅಂತ ನಿಮ್ಮ ಪುಸ್ತಕದಲ್ಲಿಲ್ಲ. ಮಂತ್ರಿ ಇಂದೆ ತಿರುಗಿ ಚೀಟಿ ಕೊಟ್ರಂತೆ ದೊಡ್ಡಾಫೀಸರ್ಗೆ. ಅವ್ರು ನಮ್ಮ ಸಾಹೇಬ್ರ ಮೊಖ ನೋಡಿದ್ರಂತೆ. ಸಾಹೇಬ್ರು ಆ ಊರ ಕಡೆ ತಲೆ ಆಕಿ ಮನ್ಗಿದೋರೂ ಅಲ್ಲ. ಬಾಗ್ಲು ತಕ್ಕಂಡು ಮೂರು ಜನನೂ ದಡದಡ ಅಂತ ಒರ್ಗೆ ಬಂದ್ರು, ನನ್ ತಾವ. ಸಾಹೇಬ್ರು, "ಲೋ ಪುಟ್ಮಾದ, ನೀನು ಆ ಊರವನೇ ಅಲ್ವೇನೋ. ಹೇಳು ಬೇಗ, ಡಾಕ್ಟ್ರು ಇದ್ದಾರಾ ಇಲ್ವಾ." ದೊಡ್ಡಾಫೀಸರ್ ಕೈಲಿ ಚೀಟಿ, ಪೆನ್ನು ತೆಗ್ದು ಇಡ್ಕಂಡಿದ್ರು, ನನ್ ಬಾಯನ್ನೇ ನೋಡ್ತಾವ್ರೆ. ಅರ್ಥ ಆಯ್ತಾ ಮಗ. ಎಮ್ಮೆಲ್ಲೆ ಕೇಳಿದ್ದು ಮಂತ್ರೀನ, ಕೊನೆಗೆ ಬಂದು ನಿಂತಿದ್ದು ಗಂಟು ಒರೋನ ಮುಂದೆ. ಇಡೀ ಕರ್ನಾಟಕ ಸರ್ಕಾರದಲ್ಲಿ ಆವತ್ತು ಆ ಪ್ರಶ್ನೆಗೆ ಉತ್ತರ ಗೊತ್ತಿದ್ದೋನು ನಾನೊಬ್ನೇ. ಇಲ್ಲ ಸಾ ಅನ್ಬೇಕಿತ್ತು. ಎರಡೇ ಮಾತು. ನಾಲ್ಗೆ ತುದೀಗೆ ಬಂದಿತ್ತು. ಸಾಹೇಬ್ರು ನನ್ನನ್ನೇ ನೋಡ್ತಾ ಇಂಗೆ, ನೋಡಿ, ಇಂಗೆ ಒಸಿ ತಲೆ ಆಡಿಸಿದ್ರು, ಊಂ ಅನ್ನು ಅನ್ನೋ ಅಂಗೆ. ನಂಗೆ ಆ ಲಿಸ್ಟು ಗ್ಯಾಪ್ಕ ಬಂತು. ಮೂರನೇ ಎಸ್ರು. ಬಾವುಟ ಆರ್ಸೋಕೆ ಬಂದಿದ್ರಲ್ಲ ಡಾಕ್ಟ್ರು, ಅದೂ ಗ್ಯಾಪ್ಕ ಬಂತು, ಬಂದಿದ್ರಲ್ಲ, ಅಂದ್ರೆ ಇದ್ದಂಗೇ ಅಲ್ವಾ ಅಂತ ಮನ್ಸು ಅಲ್ಲೇ ಲೆಕ್ಕ ಆಕ್ಬುಡ್ತು, ಗುಮಾಸ್ತ್ರು ಬರ್ದಂಗೆ. "ಅವ್ರೆ ಸಾ" ಅಂದ್ಬುಟ್ಟೆ.

ಅವ್ರು ಚೀಟೀಲಿ ಬರ್ಕಂಡು ಒಳಕ್ಕೋದ್ರು. ಸ್ಪೀಕರಲ್ಲಿ ಮಂತ್ರಿ ದನಿ ಬಂತು, "ಸಭಾಧ್ಯಕ್ಷರೇ, ಆ ಊರಿನವರಿಂದಲೇ ಈಗ ಖಚಿತಪಡಿಸಿಕೊಂಡಿದ್ದೇನೆ. ವೈದ್ಯರು ಇದ್ದಾರೆ, ಸೇವೆ ಕೊಡ್ತಾ ಇದ್ದಾರೆ." ಸೇವೆ ಕೊಡ್ತಾವ್ರೆ ಅಂತ ನಾ ಏಳಿರ್ನಿಲ್ಲ ಕಣವ್ವ, ಅದ್ನ ಅವ್ರೇ ಸೇರಿಸ್ಕಂಡ್ರು. ನಾನು ಕಾಯ್ತಿದ್ದೆ, ಎಮ್ಮೆಲ್ಲೆ ಜಗಳ ಆಡ್ತಾರೆ, ಸುಳ್ಳು ಅಂತಾರೆ, ಹೆಣ ಬಿದ್ದದೆ ಅಂತ ಏಳ್ತಾರೆ ಅಂತ. ಅವ್ರು, "ಇದ್ದರೆ ಸಂತೋಷ" ಅಂದು ಕೂತ್ಕಂಬುಟ್ರು. ಆಟೇಯ. ಒಂದ್ಸಲ ಆ ಊರಿಗೆ ಓಗಿ ಬೀಗ ನೋಡಿದ್ರೆ ಆ ಮನುಷ್ಯಂಗೆ ಸಂತೋಷ ಬತ್ತಿತ್ತಾ. ಮುಂದಿನ ಪ್ರಶ್ನೆ ಅಂದ್ರು ಅಧ್ಯಕ್ಷರು. ಆಮೇಲೆ ಸಾಹೇಬ್ರು ನನ್ ಬೆನ್ನು ತಟ್ಟಿ ಕ್ಯಾಂಟೀನ್ಗೆ ಕರ್ಕಂಡೋದ್ರು, ಏಳು ವರ್ಷದಲ್ಲಿ ಮೊದ್ಲು ಸಲ ಪಕ್ಕದಲ್ಲಿ ಕೂರಿಸ್ಕಂಡ್ರು, ಉಪ್ಪಿಟ್ಟು ಕೊಡ್ಸಿದ್ರು. ಆಚೆ ಟೇಬಲಲ್ಲಿ ನೋಡಿದ್ರೆ ಮಂತ್ರಿ ಕಡೆಯೋರೂ ಎಮ್ಮೆಲ್ಲೆ ಕಡೆಯೋರೂ ಒಂದೇ ಕಡೆ ಕೂತ್ಕಂಡು ವಡೆ ತಿಂತಾವ್ರೆ, ಎಗಲ ಮೇಲೆ ಕೈ ಆಕ್ಕಂಡು ನಗ್ತಾವ್ರೆ. ಉಪ್ಪಿಟ್ಟು ಅರ್ಧಕ್ಕೇ ಬುಟ್ಟೆ. ಒರ್ಗೆ ಬಂದು ಒಂದು ಮರದ ಬುಡದಲ್ಲಿ ವಾಂತಿ ಮಾಡ್ಕಂಡೆ. ಅವ್ರ್ನ ನೋಡಿ ಅಸಹ್ಯ ಆಯ್ತು ಅಂತ ಬಾಳ ದಿನ ಅನ್ಕಂಡಿದ್ದೆ. ಅವ್ರ್ನ ನೋಡಿ ಅಲ್ಲ.

ಆಮೇಲೆ ಏನಾಯ್ತು ಗೊತ್ತಾ, ಅದಕ್ಕಿಂತ ಕೆಟ್ಟದ್ದು. ನಮ್ಮೂರೋರು ಯಾವ ಅರ್ಜಿ ಕೊಟ್ರೂ ಅದ್ರ ಬೆನ್ನಿಗೆ ಆ ಉತ್ತರದ ಜೆರಾಕ್ಸ್ ಪಿನ್ ಒಡ್ದು ವಾಪಸ್ ಕಳ್ಸೋರು, ಸದನದಲ್ಲಿ ಈಗಾಗಲೇ ಉತ್ತರಿಸಲಾಗಿದೆ ಅಂತ. ಪಿನ್ ಒಡೀತಿದ್ದೋನು ನಾನೇ. ಮೊದ್ಲು ಬೀಗ ಒಂದೇ ಇತ್ತು ಆ ಬಾಗ್ಲಿಗೆ, ಈಗ ನಂದೂ ಒಂದು ಸೇರ್ತು. ನಾಕು ವರ್ಷ ಡಾಕ್ಟ್ರು ಬರ್ನಿಲ್ಲ. ಎರಿಗೆ ನೋವು ಬಂದೋರು, ಜ್ವರದ ಮಕ್ಳು, ಎಲ್ಲಾ ಟೆಂಪೋ ಮೇಲೇ. ನಾನು ಆ ವರ್ಷವೇ ಖಾಯಂ ಆದೆ. ನಿಮ್ಮಜ್ಜಿ ಮಾದಪ್ಪಂಗೆ ಅರ್ಕೆ ಒತ್ತಿದ್ಲು, ಬೆಟ್ಟಕ್ಕೆ ಓಗಿ ತೀರಿಸ್ಕಂಡು ಬಂದೊ. ಅವ್ಳು ಕೈ ಮುಗೀತಿದ್ಲು, ನಾ ಪಕ್ಕದಲ್ಲಿ ನಿಂತಿದ್ದೆ, ಏನಂತ ಬೇಡ್ಕಳದು ಅಂತ ಗೊತ್ತಾಗ್ದೆ.

ಅಕ್ಕ ಬಂದ್ಲು ಒಂದಿನ, ಆಫೀಸ್ಗೇ ಬಂದ್ಲು. ಎಮ್ಮೆಲ್ಲೆ ಮನೇಲಿ ಸದನದಲ್ಲಿ ಮಾತಾಡಿದ್ದು ಟೈಪ್ ಮಾಡಿರೋ ಕಾಗ್ದ ಕೊಟ್ಟಿದ್ರಂತೆ, ಅವ್ಳಿಗೆ ಓದಕ್ಕೆ ಬರಾಕಿಲ್ಲ. ಬೇರೆ ಯಾರ್ ಕೈಲೂ ಓದಿಸ್ದೆ, ಸೆರಗಲ್ಲಿ ಸುತ್ಕಂಡು, ಎರಡು ಬಸ್ಸು ಬದಲಾಯಿಸ್ಕಂಡು ನನ್ನ ತಾವ ತಂದವ್ಳೆ. ಆಫೀಸ್ ಮುಂದೆ ಕಲ್ಲುಬೆಂಚಲ್ಲಿ ಕೂತ್ಕಂಡು ಓದ್ದೆ. ಖಚಿತಪಡಿಸಿಕೊಂಡಿದ್ದೇನೆ ಅನ್ನೋ ತಾವ ಬಿರ್ನೆ ಓದ್ಬುಟ್ಟೆ. ಅವ್ಳು ಪೂರ್ತಿ ಕೇಳಿಸ್ಕಂಡ್ಲು. ಆಮೇಲೆ, "ಊರೋರೇ ಏಳಿದ್ರು ಅಂತದಲ್ಲ, ಯಾರ್ಲಾ ಅದು ಊರೋರು. ಊಟ ಮಾಡೋ ಬಾಯಲ್ಲಿ ಅಂಗನ್ನಾಕೆ ಯಾರಿಗ್ಲಾ ಮನ್ಸು ಬಂತು" ಅಂದ್ಲು. ನಾ ಕಾಗ್ದ ಮಡಚ್ತಿದ್ದೆ. ಅವ್ಳೇ ಅಂದ್ಲು, "ನೀನು ಅಲ್ಲೇ ಇದ್ಯಲ್ಲ ಮಾದ ಆವತ್ತು. ನಿನ್ನ ಯಾರೂ ಕೇಳ್ನಿಲ್ವಾ."

"ಅಟೆಂಡರ್ನ ಯಾರಕ್ಕಾ ಕೇಳಾರು" ಅಂದೆ.

"ಅದೂ ಸರಿಯೇ" ಅಂದ್ಲು ಅಕ್ಕ. "ಕೇಳಿದ್ರೆ ನೀ ಏಳ್ತಿದ್ದೆ." ಅಂದು ನನ್ ತಲೆ ಸವರಿ ಬಸ್ಸಿಗೆ ಓದ್ಲು. ಸಾಯೋ ಗಂಟ ಊರಲ್ಲಿ ಎಲ್ಲಾರ ಕುಟೂ ಅದೇ ಏಳ್ತಿದ್ಲಂತೆ, ನನ್ ತಮ್ಮುನ್ನ ಕೇಳಿದ್ರೆ ಅವ್ನು ಏಳ್ತಿದ್ದ, ಅವ್ನ ಯಾರೂ ಕೇಳ್ನಿಲ್ಲ ಅಂತ.

ಅದ್ಕೇ ಕಣವ್ವ, ಮೇಷ್ಟ್ರಿಗೆ ಏನ್ ಬೇಕಾರ ಬರ್ಕೊಡು, ಆದ್ರೆ ಯಾರೇ ಬಂದು ಕೇಳ್ಲಿ, ಇಲ್ದಿರೋದ್ನ ಇಲ್ಲ ಅನ್ನು. ಓಗಿ, ಕೈ ತೊಳ್ಕಂಡು ಉಣ್ಣೋಗಿ.