ದೃಷ್ಟಿ ಗಡಿಗೆ ಮತ್ತು ಎರಡು ಬಾಯಿಯ ಒಲೆ

ಮಾನ್ಯ ಅಧ್ಯಕ್ಷೆ ಹೊಳೆವ್ವನವರೇ, ಹಿರೇಕೆರೂರಿನಿಂದ ಬಿಸಿಲಲ್ಲಿ ಬಂದಿರುವ ತಾಲೂಕು ಬೋರ್ಡಿನ ಮಂಜಪ್ಪನವರೇ, ಹಂಸಭಾವಿ ಮಹಿಳಾ ಮಂಡಳದ ಅಕ್ಕತಂಗಿಯರೇ, ಒಳಗೆ ಬರಲು ನಾಚಿ ಬಾಗಿಲಲ್ಲೇ ನಿಂತಿರುವ ಗಂಡಸರೇ, ಸಭಿಕರೇ,

ನಾಳೆ ಹಾನಗಲ್ಲಿಗೆ ವರ್ಗವಾಗಿ ಹೋಗುವ ನನಗೆ ಶಾಲು ಹೊದಿಸಿದ್ದೀರಿ. "ಗ್ರಾಮಸೇವಿಕಾ ಅಡಿವೆವ್ವನವರು ನಮ್ಮ ಅಡುಗೆಮನೆಗಳ ಹೊಗೆ ಓಡಿಸಿದರು" ಎಂದು ಮಂಜಪ್ಪನವರು ಹೊಗಳಿದರು. ಓಡಿಸಿದವಳು ನಾನೇ? ನಾನು ಮನೆಮನೆಗೆ ಹೋಗಿ ಮಾತಾಡಿದೆ, ಅಷ್ಟೆ. ಹೊಗೆಯಿಲ್ಲದ ಒಲೆ ಕಟ್ಟಿದವರು, ಮಣ್ಣಿನ ಕೊಳವೆ ಸುಟ್ಟು ಮಾಳಿಗೆಯ ಮೇಲಕ್ಕೆ ಹಾಯಿಸಿದವರು ಕುಂಬಾರ ಉಳಿವೆಪ್ಪ. ಆ ಹೆಸರನ್ನು ಇಲ್ಲಿ ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

ಐವತ್ತೆಂಟನೆಯ ಇಸವಿಯಲ್ಲಿ, ಗಂಡ ತೀರಿಕೊಂಡ ಮೇಲೆ ತರಬೇತಿ ಮುಗಿಸಿ ಈ ಊರಿಗೆ ಬಂದೆ. ಆಗ ನಿಮ್ಮ ಅಡುಗೆಮನೆಗಳಲ್ಲಿ ಮನೆಯಾಕೆ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಕೊಳವೆಯ ಒಲೆ ಎಂದರೆ ಅತ್ತೆಯಂದಿರಿಗೆ ಅನುಮಾನ. "ಹೊಗಿ ಹ್ವಾದ್ರ ತೊಲಿಗೆ ಹುಳ ಹತ್ತತಾವ್ರೀ ಅಕ್ಕಾರ" ಎಂದವರು ಈಗ ಅಧ್ಯಕ್ಷ ಸ್ಥಾನದಲ್ಲಿ ಕೂತು ನಗುತ್ತಿದ್ದಾರೆ. ಆಮೇಲೆ ಮೊದಲು ಕಟ್ಟಿಸಿಕೊಂಡವರೂ ಅವರೇ, ಅದನ್ನೂ ಹೇಳಬೇಕು.

ಒಲೆ ಮುಗಿದ ದಿನ ಮನೆಯಾಕೆ ಅದರ ಮೇಲೆ ಹಾಲು ಉಕ್ಕಿಸಬೇಕು. ಎಷ್ಟು ಮನೆಗಳ ಹಾಲು ಉಕ್ಕಿದ್ದನ್ನು ನಾನು ನೋಡಿಲ್ಲ! ಅದನ್ನು ನೋಡಿ ಬಂದು, ನನ್ನ ಬಾಡಿಗೆ ಕೋಣೆಯಲ್ಲಿ ಸ್ಟೋವಿಗೆ ಪಂಪು ಹೊಡೆಯುತ್ತಿದ್ದೆ. ಊರೆಲ್ಲ ನನ್ನನ್ನು ಅಕ್ಕಾರ ಎನ್ನುತ್ತಿತ್ತು. ಉಳಿವೆಪ್ಪ ಮಾತ್ರ ಬಾಯಾರ ಎನ್ನುತ್ತಿದ್ದರು. ಇದನ್ನು ಯಾಕೆ ಹೇಳಿದೆನೋ, ಇರಲಿ.

"ಬಾಯಾರ, ಊರ ಹಾಲೆಲ್ಲಾ ಉಕ್ಕಸಿದ್ರಿ. ನಿಮ್ಮ ಹಾಲು ಯಾವಾಗ ಉಕ್ಕೋದ್ರಿ?" ಎಂದು ಒಮ್ಮೆ ಕೇಳಿದರು. ನಗುತ್ತ ಮುಂದಿನ ಮನೆಗೆ ನಡೆದೆ. ಅವರು ಬಿಡಲಿಲ್ಲ, ನನ್ನ ಕೋಣೆಯಲ್ಲೂ ಒಲೆ ಕಟ್ಟಿದರು. "ಒಬ್ಬಾಕಿಗೆ ಎರಡು ಬಾಯಿ ಒಲಿ ಯಾಕ್ರಿ?" ಎಂದೆ. ಕೈಯ ಕೆಸರು ತೊಳೆಯುತ್ತ, "ಒಬ್ರಿಗೇ ಅಂತ ಯಾರು ಕಟ್ಟ್ಯಾರ್ರಿ? ಐತಾರ ಹಾಲು ತರತೇನಿ. ಬ್ಯಾಡ ಅನ್ನೂದಿದ್ರ ಬಾಗಲಾ ಹಾಕ್ಕೊಂಡಿರ್ರಿ" ಎಂದರು.

ಆ ಭಾನುವಾರವೇ ಹೊಳೆವ್ವನವರ ಮನೆಯಿಂದ ಕೂಗು ಕೇಳಿತು.

ಅವರ ಒಲೆಯನ್ನು ಊರೇ ಬಂದು ನೋಡಿ ಹೊಗಳುತ್ತಿತ್ತು. ಕಣ್ಣು ತಾಗಬಾರದೆಂದು ಹೊಳೆವ್ವನವರು ಆ ಬೆಳಿಗ್ಗೆ ಸುಣ್ಣದ ಬೊಟ್ಟಿಟ್ಟ ಕರಿ ಗಡಿಗೆಯನ್ನು ಕೊಳವೆಯ ಬಾಯಿಗೇ ಬೋರಲು ಹಾಕಿಸಿದ್ದರು. ಹೊಗೆ ಎಲ್ಲಿಗೆ ಹೋಗಬೇಕು? ಒಳಗೆ ಒಲೆಯ ಪಕ್ಕದಲ್ಲಿ ಬಾಣಂತಿ ಸೊಸೆ ಮಲಗಿದ್ದಳು, ಮಗ್ಗುಲಲ್ಲಿ ಕೂಸು. ಗಾಳಿ ತಾಗದಿರಲೆಂದು ಕದ ಮುಚ್ಚಿತ್ತು. ಹಾಲಿನ ತಂಬಿಗೆ ಹಿಡಿದು ಬರುತ್ತಿದ್ದ ಉಳಿವೆಪ್ಪ ಅದನ್ನು ಬೀದಿಯಲ್ಲೇ ಬಿಟ್ಟು ಮಾಳಿಗೆ ಹತ್ತಿ, ಗಡಿಗೆಯನ್ನು ಒಂದೇ ಏಟಿಗೆ ಒಡೆದರು. ನಾವು ಕದ ತೆರೆದು ತಾಯಿ ಕೂಸನ್ನು ಹೊರಗೆ ತಂದೆವು. ಆ ಕೂಸು ದುರಗವ್ವ ಈಗ ಮುಂದಿನ ಸಾಲಿನಲ್ಲೇ ಕೂತು ಪೇಪರಮಿಂಟು ಚೀಪುತ್ತಿದ್ದಾಳೆ. ಚೀಪವ್ವಾ, ಚೀಪು.

ಅದೇ ವಾರ ಆ ಮನೆಯ ಎತ್ತು ಸತ್ತಿತು. "ದೃಷ್ಟಿ ಗಡಿಗಿ ಒಡದಾಂವನ ಕೈ ನಮ್ಮ ಒಲಿಗೆ ಬ್ಯಾಡ" ಎಂದು ಮಾತು ಹಬ್ಬಿತು. ಒಲೆ ಹೋಗಲಿ, ಅವರ ಗಡಿಗೆಗಳನ್ನೂ ಯಾರೂ ಕೊಳ್ಳಲಿಲ್ಲ. ಹೊಳೆವ್ವನವರೇ, ತಲೆ ತಗ್ಗಿಸಬೇಡಿ. ನೀವು ಗಡಿಗೆ ಇಟ್ಟದ್ದೂ ಪ್ರೀತಿಗೇ.

ಉಳಿವೆಪ್ಪ ಶರಾವತಿ ಅಣೆಕಟ್ಟಿನ ಕೆಲಸಕ್ಕೆ ಹೊರಟರು. ನನ್ನ ಹೊಸ್ತಿಲು ತುಳಿಯದೆ ಅಂಗಳದಲ್ಲೇ ನಿಂತು, "ಒಡದ ಕೈರಿ ಇದು, ನಿಮ್ಮ ಹಾಲಿಗೆ ಬ್ಯಾಡ. ಬರತೇನ್ರಿ ಬಾಯಾರ" ಎಂದರು. ನಾನು ಹೂಂ ಎಂದೆ. ಬರತೇನಿ ಎಂದವರು ಬರಬೇಕಲ್ಲವೇ? ನೀವೇ ಹೇಳಿ, ಬರಬೇಕಲ್ಲವೇ? ಶರಾವತಿ ಕಡೆಯ ಬಸ್ಸು ನಿಂತಾಗೆಲ್ಲ ಇಳಿಯುವವರ ಮುಖ ನೋಡುವುದು ನನಗೆ ಚಟವಾಗಿಬಿಟ್ಟಿತು.

ಇವತ್ತು ಬೆಳಿಗ್ಗೆ ನನ್ನ ಕೋಣೆಯ ಆ ಒಲೆಗೆ ಮೊದಲ ಬಾರಿ ಬೆಂಕಿ ಹಾಕಿದೆ. ಅಂಗಳಕ್ಕೆ ಓಡಿ ಬಂದು ಮೇಲೆ ನೋಡಿದೆ. ಹೊಗೆ ನೆಟ್ಟಗೆ ಹೋಗುತ್ತಿತ್ತು, ಕೋಣೆಯೊಳಗೆ ಒಂದು ಎಳೆಯೂ ಇರಲಿಲ್ಲ. ಆದರೂ ನನ್ನ ಕಣ್ಣಲ್ಲಿ ನೀರು ಬಂತು. ಒಂದು ಬಾಯಿಯ ಮೇಲೆ ಹಾಲು ಉಕ್ಕಿತು, ಇನ್ನೊಂದು ಸುಮ್ಮನೆ ಉರಿಯಿತು. ಈಗ ನೀವು ಕುಡಿದ ಚಹಾ ಆ ಹಾಲಿನದೇ.

ಕೋಣೆಯ ಕೀಲಿಯನ್ನು ಹೊಳೆವ್ವನವರಿಗೆ ಒಪ್ಪಿಸಿದ್ದೇನೆ. ಶಾಲಿಗೆ, ಚಹಾ ಕಾಸಿದ ಕೈಗಳಿಗೆ, ಇಷ್ಟು ವರ್ಷ ನನಗೆ ರೊಟ್ಟಿ ಹಾಕಿದ ನಿಮ್ಮೆಲ್ಲರಿಗೂ ನಾನು ಋಣಿ. ಒಂದೇ ಕೆಲಸ ಉಳಿದಿದೆ, ಅದನ್ನು ನಿಮಗೆ ಒಪ್ಪಿಸಿ ಹೋಗುತ್ತೇನೆ. ಉಳಿವೆಪ್ಪ ಯಾವತ್ತಾದರೂ ಈ ಊರಲ್ಲಿ ಇಳಿದರೆ ಹೇಳಿರಿ: ಆ ಐತಾರ ಬಾಯಾರ ಬಾಗಿಲು ತೆರೆದೇ ಇತ್ತು.

ನಮಸ್ಕಾರ.