ಕಿಟಕಿಗೆ ಅಂತ ತಂದ ಬಟ್ಟೆ

...ಪರದೆ ಅತ್ತಿಗೆ, ಪರದೆ. ಅಡುಗೆಮನೆ ಕಿಟಕಿಗೆ. ಆ ಗೋಧಿ ತಟ್ಟೇನ ಬಟ್ಟೆ ಮೇಲೆ ಇಡಬೇಡಿ, ಸಕ್ಕರೆ ಅಂಟುತ್ತೆ... ಅಲ್ಲಿ, ಕುರ್ಚಿ ಮೇಲಿಡಿ. ಬಾಗಿಲು ತಟ್ಟಿ ಬರೋ ಅಭ್ಯಾಸ ನಿಮಗೆ ಯಾವತ್ತೂ ಇರಲಿಲ್ಲ. ಇರಲಿ ಬಿಡಿ. ಸತ್ತ ನಿಮ್ಮ ತಮ್ಮನ ಹೆಸರಲ್ಲಿ ಗೋಧಿ ಬೇಯಿಸಿ ತಂದಿದೀರಿ. ಕೂತ್ಕೊಳ್ಳಿ, ಕಾಫಿ ಇಡ್ತೀನಿ.

ಏನು ಹಾಗೆ ಎತ್ತಿ ಎತ್ತಿ ನೋಡ್ತಿದೀರಿ? ಹೂಂ, ತೂತು. ಪರದೆಗೆ ತೂತು ಇರಬಾರದಾ? ಯಾಕೆ ನಗ್ತೀರಿ? ಸರಿ, ಸರಿ... ಕಿಟಕಿಗೆ ಕುತ್ತಿಗೆ ಇರಲ್ಲ, ಒಪ್ಪಿದೆ. ಗೌನು ಅದು. ನನಗೇ. ಅಂಗಳ ಗುಡಿಸೋಕೆ, ಬಟ್ಟೆ ಒಣಹಾಕೋಕೆ, ಬ್ರೆಡ್ ತರೋಕೆ ಹೋಗುವಾಗ ಹಾಕ್ಕೊಳ್ಳೋಕೆ. ಹೂಂ, ನೀಲಿ. ಹಳದಿ ಹೂವೂ ಇದೆ. ಈಗ ನಗು ನಿಂತಿತಲ್ಲ.

ಗಂಡ ಸತ್ತವಳು ತಾನು ಸಾಯೋವರೆಗೂ ಕಪ್ಪು ಉಡಬೇಕು, ಗೊತ್ತು. ಈ ಊರಿನ ಸಮಾಚಾರ ನನಗೆ ಗೊತ್ತಿಲ್ವಾ? ನೀವೂ ಉಟ್ಟಿದೀರಿ, ನಿಮ್ಮಮ್ಮನೂ ಉಟ್ಟಿದ್ರು. ನಿಮಗೆ ಅದು ಒಗ್ಗಿದೆ ಅತ್ತಿಗೆ. ನನಗೆ ಅಸಹ್ಯ ಬಂದುಹೋಗಿದೆ. ನೆನಪಿದೆಯಾ... ಹೆಣ ಇನ್ನೂ ಒಳಗೆ ಮಲಗಿತ್ತು, ನೀವು ಹಿತ್ತಲಲ್ಲಿ ಹಂಡೆ ಏರಿಸಿ ನನ್ನ ಬಟ್ಟೇನೆಲ್ಲ ಕಪ್ಪು ಬಣ್ಣಕ್ಕೆ ಅದ್ದಿದ್ರಿ. ಏಪ್ರನ್ನೂ ಬಿಡಲಿಲ್ಲ, ಒಳಲಂಗಾನೂ ಬಿಡಲಿಲ್ಲ. ಆ ವಾಸನೆ... ಥೂ, ಇವತ್ತಿಗೂ ಮೂಗಿಂದ ಹೋಗಿಲ್ಲ. ಆಗಸ್ಟ್ ಬಿಸಿಲಲ್ಲಿ ತಂಬಾಕು ಎಲೆ ಕೀಳೋಕೆ ಹೋದರೆ ಬೆವರಿಗೆ ಬಣ್ಣ ಬಿಡುತ್ತೆ. ಕಂಕುಳು ಕಪ್ಪು, ಕುತ್ತಿಗೆ ಕಪ್ಪು, ಸ್ನಾನದ ನೀರು ನೋಡಿದರೆ ಚರಂಡಿ ನೀರು. ನನ್ನ ಮೈ ಕಂಡು ನನಗೇ ವಾಕರಿಕೆ ಬರುತ್ತೆ. ಒಂದಾದರೂ ಬಣ್ಣದ ಬಟ್ಟೆ ಉಳಿಸಿದ್ದಿದ್ರೆ ನಾನು ಇವತ್ತು ಸೂಜಿ ಹಿಡೀತಿರಲಿಲ್ಲ.

ಕುಲಾಗೆ ಕೊಡಬಹುದಿತ್ತಾ? ಕುಲಾ! ಊರಿಗೆಲ್ಲ ಹೊಲಿಯೋಳು, ಊರಿಗೆಲ್ಲ ಹೇಳೋಳು. ಅಳತೆ ಟೇಪು ಸುತ್ತಿಡೋ ಮೊದಲೇ ಚರ್ಚಿನ ಬಾಗಿಲವರೆಗೂ ಸುದ್ದಿ ಹೋಗಿರ್ತಿತ್ತು, ಅಸಿಮಿನಾಗೆ ಹೂವಿನ ಗೌನು ಬೇಕಂತೆ, ಗಂಡ ಪಾಂದೆಲಿಸ್‌ನ ಸಮಾಧಿ ಮೇಲೆ ಹುಲ್ಲು ಕೂಡ ಸರಿಯಾಗಿ ಬೆಳೆದಿಲ್ಲ ಅಂತ. ಅಗ್ರಿನಿಯೊ ಪೇಟೆಯಿಂದ ವ್ಯಾನಲ್ಲಿ ಬಟ್ಟೆ ಮಾರೋಕೆ ಬರ್ತಾನಲ್ಲ, ಮೈಕಲ್ಲಿ ಕೂಗ್ತಾ, ಅವನಿಗೂ ಕಿಟಕಿಗೆ ಅಂತಲೇ ಹೇಳಿ ತಗೊಂಡೆ.

ನನಗೆಲ್ಲಿ ಹೊಲಿಗೆ ಬರುತ್ತೆ? ಕಿತ್ತ ಗುಂಡಿ ಹಾಕೋದು ಬಿಟ್ಟರೆ ಏನೂ ಗೊತ್ತಿಲ್ಲ. ನೆಲದ ಮೇಲೆ ಬಟ್ಟೆ ಹಾಸಿದೆ, ಮೇಲೆ ಈ ದರಿದ್ರ ಕಪ್ಪು ಗೌನು ಇಟ್ಟೆ, ಸವೆದ ಸೋಪಿನ ಚೂರಲ್ಲಿ ಸುತ್ತ ಗೆರೆ ಎಳೆದೆ. ಗೆರೆ ಮೇಲೇ ಕತ್ತರಿಸಿದೆ! ಹೊಲಿಗೆಗೆ ಅಂತ ಬೆರಳಗಲ ಬಿಡಬೇಕು ಅಂತ ನನಗೆ ಯಾರು ಹೇಳಿದ್ರು? ಹೊಲಿದು ತಲೆಗೆ ಹಾಕ್ಕೊಂಡರೆ ತಲೇನೇ ಹೊರಗೆ ಬರಲಿಲ್ಲ. ಎರಡೂ ಕೈ ಮೇಲೆ ಸಿಕ್ಕಿಬಿದ್ದು, ಕಣ್ಣು ಕಾಣದೆ ಅಡುಗೆಮನೆ ತುಂಬ ಡಿಕ್ಕಿ ಹೊಡ್ಕೊಂಡು ತಿರುಗಿದೆ... ನಗಿ, ನಗಿ. ಆಮೇಲೆ ಎಲ್ಲ ಬಿಚ್ಚಿ, ದಿಂಬಿನ ಚೀಲ ಹರಿದು ಎರಡೂ ಪಕ್ಕಕ್ಕೆ ಪಟ್ಟಿ ಕೊಟ್ಟೆ. ನೋಡಿ, ಎಷ್ಟು ಹೊಲಸಾಗಿದೆ. ಹೊಲಿಗೆ ಒಂದು ಕಡೆ, ಬಟ್ಟೆ ಒಂದು ಕಡೆ. ಈ ಕಲೆ ಹೂವಲ್ಲ, ಸೂಜಿ ಚುಚ್ಚಿ ಬಂದ ರಕ್ತ. ಕಂಡರೆ ಒಲೆಗೆ ಎಸೀಬೇಕು ಅನ್ನಿಸುತ್ತೆ. ಆದರೂ ನಾಳೆ ಬೆಳಿಗ್ಗೆ ಇದನ್ನೇ ಹಾಕ್ಕೊಂಡು ಬೀದಿಗೆ ಇಳೀತೀನಿ. ನೀವು ಮಾತು ಬಿಟ್ಟರೆ ಬಿಡಿ, ಊರು ಉಗಿದರೆ ಉಗೀಲಿ.

ತೋಳಾ? ತೋಳಿಲ್ಲ. ತೋಳು ಕೂರಿಸೋದು ನನ್ನ ಕೈಲಾಗಲ್ಲ, ತೂತು ದೊಡ್ಡದಾದರೆ ತೋಳು ಚಿಕ್ಕದಾಗುತ್ತೆ... ಏನು, ನನ್ನ ಕೈ ನೋಡ್ತಿದೀರಾ? ಸೆಕೆ ಅಂತ ಈ ಕಪ್ಪು ಗೌನಿನ ತೋಳು ಮಡಿಸಿದೆ. ಆ ಕಲೆ ಒಲೆ ಸುಟ್ಟಿದ್ದು, ಆವತ್ತೇ ಹೇಳಿದ್ನಲ್ಲ. ಇದಾ? ಇದೂ ಒಲೆನೇ. ಮೇಲಿರೋದು ಮೆಟ್ಟಿಲ ಮೇಲೆ ಬಿದ್ದಾಗಿನದು. ಇಷ್ಟು ದಿನ ಉದ್ದ ತೋಳಲ್ಲಿ ಕಂಡಿರಲಿಲ್ಲ, ಅಷ್ಟೇ. ಹೂಂ, ಪಾಂದೆಲಿಸ್ ದೇವರಂಥ ಮನುಷ್ಯ. ನೀವು ಹಾಗಂದಾಗಲೆಲ್ಲ ನಾನೂ ಹೂಂ ಅಂದಿದೀನಿ.

ಮೆಷಿನ್ ಇದೆ, ಇಲ್ಲ ಅನ್ನಲ್ಲ. ಅಮ್ಮ ಕೊಟ್ಟಿದ್ದು, ಹೊದಿಕೆ ಹಾಕಿ ಮೂಲೇಲಿ ಇಟ್ಟಿದೀನಿ. ಅದರಲ್ಲಿ ಹೊಲಿದಿದ್ದರೆ ಇಷ್ಟು ಸೊಟ್ಟ ಆಗ್ತಿರಲಿಲ್ಲ. ಆದರೆ ತುಳಿದರೆ ಕಟಕಟ ಅನ್ನುತ್ತಲ್ಲ, ನಮ್ಮಿಬ್ಬರ ಮನೆಗೂ ಗೋಡೆ ಒಂದೇ. ನಿಮಗೆ ಕೇಳಿಸುತ್ತೆ ಅಂತಲೇ ಕೈಯಲ್ಲಿ ಹೊಲಿದಿದ್ದು. ನಾನು ಇಲ್ಲಿ ಕೆಮ್ಮಿದರೆ ನೀವು ಆ ಕಡೆಯಿಂದ ಜೇನುತುಪ್ಪ ತರ್ತೀರಿ. ಚಮಚ ಬಿದ್ದರೆ ಏನು ಬಿತ್ತೇ ಅಂತ ಕೂಗಿ ಕೇಳ್ತೀರಿ. ಎಲ್ಲಾನೂ ಕೇಳಿಸ್ಕೊಳ್ತೀರಿ, ನೀವು...

ಯಾಕೆ ತಲೆ ತಗ್ಗಿಸಿದ್ರಿ? ಅತ್ತಿಗೆ?

ಚಮಚ ಬಿದ್ದಿದ್ದು ಕೇಳಿದ್ರಿ. ಆದರೆ ನಾನು ಒಲೆ ಸುಡ್ತು ಅಂದಾಗ, ಹೇಗೆ ಸುಡ್ತೇ ಅಂತ ಒಂದು ದಿನಾನೂ ಕೇಳಲಿಲ್ಲ. ಬಿದ್ದೆ ಅಂದಾಗ ಯಾವ ಮೆಟ್ಟಿಲು ಅಂತ ಕೇಳಲಿಲ್ಲ. ಈ ಮನೇಲಿ ಮೆಟ್ಟಿಲೇ ಇಲ್ಲವಲ್ಲ ಅತ್ತಿಗೆ...

ನಾನು ಬಾಯಿಗೆ ಟವೆಲ್ ತುರುಕ್ಕೋತಿದ್ದೆ. ಅವನು ಹೊಡೆಯುವಾಗ. ಅಕ್ಕನ ಮುಂದೆ ತಮ್ಮನ ಮಾನ ಹೋಗಬಾರದು ಅಂತ, ನಿಮಗೆ ನೋವಾಗಬಾರದು ಅಂತ. ನಿಮಗೇನೂ ಗೊತ್ತಿಲ್ಲ ಅಂದ್ಕೊಂಡೇ ಇಷ್ಟು ವರ್ಷ ನಿಮ್ಮ ಮುಖ ನೋಡಿ ನಕ್ಕಿದೀನಿ. ಹೇಳಿ, ಕೇಳಿಸ್ತಿತ್ತಾ? ಇಲ್ಲ ಅನ್ನಿ, ನಂಬ್ತೀನಿ. ಸುಳ್ಳಾದರೂ ಸರಿ, ಇಲ್ಲ ಅನ್ನಿ.

...

ಏಳಿ. ಎದ್ದು ಮನೆಗೆ ಹೋಗಿ. ನಾನು ಮೆಷಿನ್ನಿನ ಹೊದಿಕೆ ತೆಗೀತೀನಿ, ಇದನ್ನೆಲ್ಲ ಬಿಚ್ಚಿ ಮೊದಲಿಂದ ಹೊಲೀತೀನಿ, ತೋಳಿಲ್ಲದೇನೇ. ನೀವು ಗೋಡೆ ಪಕ್ಕ ಕೂತು ಕೇಳಿಸ್ಕೊಳ್ಳಿ.